ಎಲ್ಲಿ ಕೆಟ್ಟರೂ ರಿಪೇರಿ ಆಗೋ ಬೈಕು

ದೂರದ ಪ್ರಯಾಣಕ್ಕೆ ಯಾವ ಬೈಕು ತಗೊಂಡರೆ ಒಳ್ಳೇದು? ಹಳ್ಳಿಯ ಹುಡುಗರು ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬ ಸಿಸಿ ಲೆಕ್ಕ ಹೇಳುತ್ತಾನೆ, ಇನ್ನೊಬ್ಬ ಮೈಲೇಜ್ ಲೆಕ್ಕ ಹೇಳುತ್ತಾನೆ, ಮತ್ತೊಬ್ಬ ಯೂಟ್ಯೂಬ್‌ನಲ್ಲಿ ನೋಡಿದ ಲಡಾಖ್ ವಿಡಿಯೋ ತೋರಿಸುತ್ತಾನೆ. ಕೊನೆಗೆ ಮಾತು ಸಾಲದ ಕಂತಿಗೆ ಬಂದು ನಿಲ್ಲುತ್ತದೆ.

ಎರಡು ಮೂರು ಲಕ್ಷದ ಬೈಕು ಅಂದರೆ ಸಣ್ಣ ರೈತ ಕುಟುಂಬಕ್ಕೆ ಚಿಲ್ಲರೆ ಮಾತಲ್ಲ. ಹಾಗಾಗಿ ಈ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರ ಹುಡುಕುವ ಬದಲು ನಾವು ಇತಿಹಾಸದಲ್ಲಿ ಹುಡುಕಿದೆವು. ನಮ್ಮ ದೇಶದ ರಸ್ತೆಗಳಲ್ಲಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೈಕುಗಳು ಓಡುತ್ತಿವೆ. ಯಾವುದನ್ನು ಜನ ನಂಬಿದರು, ಏಕೆ ನಂಬಿದರು ಎಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಂಬಿಕೆಯ ಬೈಕು ಎಂದರೆ ಕೆಡದ ಬೈಕು ಮಾತ್ರವಲ್ಲ. ಕೆಟ್ಟ ಜಾಗದಲ್ಲೇ, ಅಲ್ಲಿ ಇರುವವರ ಕೈಯಲ್ಲೇ ರಿಪೇರಿ ಆಗುವ ಬೈಕೂ ನಂಬಿಕೆಯ ಬೈಕೇ.

ಸೈನ್ಯಕ್ಕೆ ಬಂದ ಬುಲೆಟ್

ರಾಯಲ್ ಎನ್‌ಫೀಲ್ಡ್ ಮೂಲತಃ ಇಂಗ್ಲೆಂಡಿನ ಕಂಪನಿ. ರೆಡ್ಡಿಚ್ ಎಂಬ ಊರಿನಲ್ಲಿ 1901ರಲ್ಲಿ ತನ್ನ ಮೊದಲ ಮೋಟಾರ್ ಸೈಕಲ್ ಮಾಡಿತು. 'ಬುಲೆಟ್' ಎಂಬ ಹೆಸರು ಬಂದದ್ದು 1932ರಲ್ಲಿ. ನಾವು ಇಂದು ಬುಲೆಟ್ ಎಂದು ಗುರುತಿಸುವ ಬೈಕಿನ ರೂಪ ಸಿದ್ಧವಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1948-49ರ ಹೊತ್ತಿಗೆ. ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇದ್ದ ಬೈಕು ಅದು. ಆ ಕಾಲದ ಬಹಳಷ್ಟು ಬೈಕುಗಳಲ್ಲಿ ಹಿಂದಿನ ಚಕ್ರ ಚಾಸಿಗೆ ಬಿಗಿಯಾಗಿ ಕೂತಿರುತ್ತಿತ್ತು. ಗುಂಡಿಗೆ ಬಿದ್ದರೆ ಪೆಟ್ಟು ನೇರ ಸವಾರನ ಬೆನ್ನಿಗೆ.

ಸ್ವಾತಂತ್ರ್ಯ ಬಂದ ಮೇಲೆ ಗಡಿ ಕಾಯಲು ನಮ್ಮ ಸೈನ್ಯಕ್ಕೆ ಗಟ್ಟಿ ಬೈಕು ಬೇಕಾಗಿತ್ತು. 1950ರ ದಶಕದ ಆರಂಭದಲ್ಲಿ ಭಾರತ ಸರ್ಕಾರ 350 ಸಿಸಿಯ ನೂರಾರು ಬುಲೆಟ್‌ಗಳಿಗೆ ಆರ್ಡರ್ ಕೊಟ್ಟಿತು. ಬೇಡಿಕೆ ಮುಂದುವರಿಯಿತು. 1955ರಲ್ಲಿ ರೆಡ್ಡಿಚ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ 'ಎನ್‌ಫೀಲ್ಡ್ ಇಂಡಿಯಾ' ಶುರು ಮಾಡಿತು. ಕಾರ್ಖಾನೆ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಎದ್ದಿತು. ಮೊದಮೊದಲು ಭಾಗಗಳು ಇಂಗ್ಲೆಂಡಿನಿಂದ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಎಲ್ಲವೂ ಇಲ್ಲಿಯೇ ತಯಾರಾಗತೊಡಗಿತು.

ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಮುಚ್ಚಿಹೋಯಿತು. ಆದರೆ ಮದ್ರಾಸಿನಲ್ಲಿ ಅದೇ ಬುಲೆಟ್ ತಯಾರಾಗುತ್ತಲೇ ಇತ್ತು. ತಾಯಿಬೇರು ಒಣಗಿದರೂ ಕಸಿ ಮಾಡಿದ ಕೊಂಬೆ ಚಿಗುರಿದ ಹಾಗೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಆ ಬುಲೆಟ್‌ನ ವಿನ್ಯಾಸ ದಶಕಗಳ ಕಾಲ ಹೆಚ್ಚೇನೂ ಬದಲಾಗಲಿಲ್ಲ. ಸುಮಾರು ಹದಿನೆಂಟು ಕುದುರೆ ಶಕ್ತಿಯ ಒಂದೇ ಸಿಲಿಂಡರ್, ನಿಧಾನವಾಗಿ ಬಡಿಯುವ ದೊಡ್ಡ ಪಿಸ್ಟನ್, ಕಣ್ಣಿಗೆ ಕಾಣುವ ಕಾರ್ಬ್ಯುರೇಟರ್, ತೆಗೆದು ಉಜ್ಜಬಹುದಾದ ಪಾಯಿಂಟ್ ಸೆಟ್. ಲೈಸೆನ್ಸ್ ರಾಜ್ ಕಾಲದಲ್ಲಿ ಹೊಸ ಮಾಡೆಲ್ ತರಬೇಕೆಂಬ ಒತ್ತಡವೂ ಕಂಪನಿಗೆ ಇರಲಿಲ್ಲ. ಇದನ್ನು ಹಲವರು ಆ ಕಾಲದ ದೋಷ ಎನ್ನುತ್ತಾರೆ. ನಿಜವೇ. ಆದರೆ ಅದರಿಂದ ಯಾರೂ ಯೋಜಿಸದ ಒಂದು ಲಾಭವೂ ಆಯಿತು. ತಂದೆ ಕಲಿತ ರಿಪೇರಿ ಮಗನಿಗೂ ಉಪಯೋಗಕ್ಕೆ ಬಂತು. ಹಳೆಯ ಗಾಡಿಯ ಎಷ್ಟೋ ಬಿಡಿಭಾಗಗಳಿಗೆ ಹೊಸ ಗಾಡಿಯದು ಹೊಂದುತ್ತಿತ್ತು. ತಾಲ್ಲೂಕು ಕೇಂದ್ರದಲ್ಲೂ ಬುಲೆಟ್ ಬಿಚ್ಚಿ ಜೋಡಿಸುವ ಕೈಗಳು ಹುಟ್ಟಿಕೊಂಡವು.

ಬುಲೆಟ್ ಕೆಡುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಣ್ಣೆ ಸೋರುವುದು, ಕಿಕ್ ವಾಪಸ್ ಹೊಡೆಯುವುದು, ನಡುಕಕ್ಕೆ ನಟ್ಟು ಬೋಲ್ಟು ಸಡಿಲಾಗುವುದು ಅದರ ಜೊತೆಗೇ ಬಂದವು. ಆದರೂ ಜನ ಅದನ್ನು ದೂರದ ಗಾಡಿ ಎಂದು ನಂಬಿದರು. ಏಕೆಂದರೆ ಕೆಟ್ಟರೆ ಏನು ಮಾಡಬೇಕು ಎಂಬುದು ಊರಿಗೇ ಗೊತ್ತಿತ್ತು.

ಮೈಸೂರಿನ ಜಾವಾ, ಯೆಜ್ಡಿ

ಎರಡನೇ ಕಥೆ ನಮ್ಮದೇ ನೆಲದ್ದು. ಆದರೆ ಅದು ಶುರುವಾದದ್ದು ಯುರೋಪಿನ ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿನ್ಯಾಸ ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. 'ಜಾವಾ' ಆಯಿತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

1960ರಲ್ಲಿ ಇರಾನಿ ಕುಟುಂಬದ ಉದ್ಯಮಿಗಳು ಮೈಸೂರಿನಲ್ಲಿ 'ಐಡಿಯಲ್ ಜಾವಾ' ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಅಲ್ಲಿ ತಯಾರಾದ 250 ಸಿಸಿ ಜಾವಾ ದೇಶದ ಮೂಲೆಮೂಲೆಗೆ ಹೋಯಿತು. 1973ರಿಂದ 'ಯೆಜ್ಡಿ' ಎಂಬ ಹೆಸರು ಬಂತು. 1978ರಲ್ಲಿ ಬಂದ 'ರೋಡ್‌ಕಿಂಗ್' ಅದರಲ್ಲೇ ಹೆಚ್ಚು ಹೆಸರು ಮಾಡಿತು.

ಜಾವಾ ಬುಲೆಟ್‌ಗಿಂತ ಬೇರೆ ಜಾತಿಯ ಗಾಡಿ. ಅದು ಟೂ ಸ್ಟ್ರೋಕ್. ಬುಲೆಟ್‌ನಂಥ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವ್‌ಗಳಿರುತ್ತವೆ. ಅವನ್ನು ತೆರೆದು ಮುಚ್ಚಲು ಕ್ಯಾಮ್, ರಾಡು, ಸ್ಪ್ರಿಂಗ್ ಎಲ್ಲ ಬೇಕು. ಜಾವಾದಲ್ಲಿ ಅದ್ಯಾವುದೂ ಇಲ್ಲ. ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳು. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದೇ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಎಂಜಿನ್ ಒಳಗೆ ಆಡುವ ದೊಡ್ಡ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಕಿಕ್ ಹೊಡೆಯುವ ಲಿವರ್ ಮಡಚಿದರೆ ಅದೇ ಗೇರ್ ಲಿವರ್. ಭಾಗ ಕಡಿಮೆಯಾದಷ್ಟೂ ಕೆಡುವ ಜಾಗವೂ ಕಡಿಮೆ.

ಅದಕ್ಕೂ ಅದರದೇ ಕಾಯಿಲೆಗಳಿದ್ದವು. ಪೆಟ್ರೋಲ್ ಜೊತೆ ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತಿತ್ತು, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತಿತ್ತು. ಮಸಿ ಕಟ್ಟಿದ ಸೈಲೆನ್ಸರ್ ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಕೊಡವುವುದು ಗ್ಯಾರೇಜುಗಳ ಮಾಮೂಲಿ ಕೆಲಸ. ಇದಕ್ಕೆ ಕಂಪ್ಯೂಟರ್ ಬೇಡ. ಪಾನಾ, ಬೆಂಕಿ, ತಾಳ್ಮೆ ಸಾಕು.

1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ತಂತ್ರಜ್ಞಾನದ ಬೈಕುಗಳು ಮಾರುಕಟ್ಟೆ ಹಿಡಿದಿದ್ದವು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾಗುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕಂಪನಿ ಇಲ್ಲ, ಶೋರೂಮ್ ಇಲ್ಲ, ವಾರಂಟಿ ಇಲ್ಲ. ಆದರೂ ಹಳೆಯ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿವೆ. ಅವನ್ನು ಉಳಿಸಿದ್ದು ಕಂಪನಿಯಲ್ಲ. ಮಾಲೀಕರ ಪ್ರೀತಿ, ಲೇತ್ ಹಿಡಿದು ಇಲ್ಲದ ಭಾಗವನ್ನು ಕಡೆದು ಕೊಡುವ ಕೆಲಸಗಾರ, ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿ. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಕೈಯಲ್ಲಿ ಮತ್ತೆ ಬಂದವು. ಹೆಸರು ಹಳೆಯದು, ಎಂಜಿನ್ ಪೂರ್ತಿ ಹೊಸದು. ಹಳೆಯ ಹೆಸರಿನ ಮೇಲಿನ ನಂಬಿಕೆಯನ್ನು ಹೊಸ ಎಂಜಿನ್‌ಗೆ ಹಾಗೇ ವರ್ಗಾಯಿಸಬಾರದು. ಅದನ್ನು ಅದರದೇ ಯೋಗ್ಯತೆಯ ಮೇಲೆ ಅಳೆಯಬೇಕು.

ಕೆಡದೇ ಇರುವ ಬೈಕು ಬಂತು

ಜಾವಾವನ್ನು ಹಿಂದಿಕ್ಕಿದ ಜಪಾನಿ ಬೈಕುಗಳು ನಮ್ಮಲ್ಲಿ ಕಾಲಿಟ್ಟದ್ದು 1980ರ ದಶಕದಲ್ಲಿ. ಸರ್ಕಾರ ವಿದೇಶಿ ಕಂಪನಿಗಳ ಜೊತೆ ಕೂಡು ಉದ್ಯಮಕ್ಕೆ ದಾರಿ ಬಿಟ್ಟಿತು. ಟಿವಿಎಸ್ ಜೊತೆ ಸುಜುಕಿ, ಹೀರೋ ಜೊತೆ ಹೋಂಡಾ, ಎಸ್ಕಾರ್ಟ್ಸ್ ಜೊತೆ ಯಮಹಾ, ಬಜಾಜ್ ಜೊತೆ ಕವಾಸಾಕಿ ಬಂದವು.

1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ನಂಬಿಕೆ ಎಂಬ ಪದದ ಅರ್ಥವನ್ನೇ ಬದಲಿಸಿತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತಿನ ಸಾರ. ಅದುವರೆಗೆ ಬೈಕ್ ಇಟ್ಟುಕೊಳ್ಳುವುದು ಎಂದರೆ ಎತ್ತು ಸಾಕಿದ ಹಾಗೆ, ದಿನವೂ ನೋಡಿಕೊಳ್ಳಬೇಕು. ಸಿಡಿ 100 ಹಾಗಲ್ಲ. ಎಣ್ಣೆ ಬೆರೆಸುವ ಕೆಲಸವಿಲ್ಲ, ಪೆಟ್ರೋಲ್ ಕುಡಿಯುವುದು ಕಡಿಮೆ, ಬೆಳಿಗ್ಗೆ ಒಂದೆರಡು ಕಿಕ್‌ಗೆ ಹೊರಟುಬಿಡುತ್ತದೆ.

ಅದರ ಮಲಗಿದಂತಿರುವ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ ಜಪಾನಿನ ಒಂದು ದೊಡ್ಡ ವಂಶಕ್ಕೆ ಸೇರಿದ್ದು. 1958ರಲ್ಲಿ ಹೋಂಡಾ 'ಸೂಪರ್ ಕಬ್' ಎಂಬ ಪುಟ್ಟ ಗಾಡಿ ತಂದಿತ್ತು. ಅಂಗಡಿಯವರು, ಅಂಚೆಯವರು, ರೈತರು ಬಳಸುವ ಗಾಡಿ ಅದು. 2017ರ ಹೊತ್ತಿಗೆ ಆ ಸರಣಿಯ ಹತ್ತು ಕೋಟಿ ಗಾಡಿಗಳು ತಯಾರಾಗಿದ್ದವು. ಜಗತ್ತಿನಲ್ಲಿ ಬೇರಾವ ಮೋಟಾರು ವಾಹನವೂ ಆ ಸಂಖ್ಯೆ ಮುಟ್ಟಿರಲಿಲ್ಲ. ಸಿಡಿ 100ರ ನಂತರ 1994ರಲ್ಲಿ ಸ್ಪ್ಲೆಂಡರ್ ಬಂತು. ಇಂದು ಯಾವ ಹಳ್ಳಿಗೆ ಹೋದರೂ ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೂರು ಮಕ್ಕಳನ್ನು ಹೊತ್ತು ಓಡುವ ಗಾಡಿಗಳಲ್ಲಿ ಅದೇ ವಂಶದವು ಎದ್ದು ಕಾಣುತ್ತವೆ.

ಬುಲೆಟ್, ಜಾವಾಗಳು ಕೆಟ್ಟರೂ ರಿಪೇರಿ ಆಗುತ್ತವೆ ಎಂದು ಜನ ನಂಬಿದರು. ಸಿಡಿ 100 ಕೆಡುವುದೇ ಕಡಿಮೆ ಎಂದು ನಂಬಿದರು. ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾದ ಕಾರಣ ಅದರ ಬಿಡಿಭಾಗಗಳೂ ಊರೂರಿನಲ್ಲಿ ಸಿಕ್ಕವು. ಹೀಗೆ ಎರಡೂ ಬಗೆಯ ನಂಬಿಕೆ ಒಂದೇ ಗಾಡಿಯಲ್ಲಿ ಸೇರಿದವು. 100 ಸಿಸಿ ಬೈಕಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಹೋಗಿಬರುವವರು ಇರುವುದಕ್ಕೆ ಕಾರಣ ಇದೇ.

ಮಂಗೋಲಿಯಾದ ಪಾಠ

ಈ ಲೆಕ್ಕ ನಮ್ಮ ದೇಶಕ್ಕೆ ಮಾತ್ರವೇ? ಅಲ್ಲ ಎಂದು ತೋರಿಸುವ ಎರಡು ಪ್ರಯಾಣಗಳಿವೆ.

ಬ್ರಿಟಿಷ್ ಪತ್ರಕರ್ತ ಟೆಡ್ ಸೈಮನ್ 1973ರಲ್ಲಿ 500 ಸಿಸಿಯ ಟ್ರಯಂಫ್ ಬೈಕಿನಲ್ಲಿ ಲಂಡನ್ ಬಿಟ್ಟರು. ನಾಲ್ಕು ವರ್ಷ, 45 ದೇಶ, ಸುಮಾರು ಒಂದು ಲಕ್ಷ ಕಿಲೋಮೀಟರ್ ಸುತ್ತಿ 1977ರಲ್ಲಿ ಮರಳಿದರು. ಭಾರತದಲ್ಲೂ ಓಡಾಡಿದರು. ಆ ಬೈಕು ದಾರಿಯಲ್ಲಿ ತೊಂದರೆ ಕೊಡಲಿಲ್ಲ ಎಂದಲ್ಲ. ಕೊಟ್ಟಾಗ ಎಂಜಿನ್ ಬಿಚ್ಚಿ ಸರಿಮಾಡಿಕೊಳ್ಳುವಷ್ಟು ಅದು ಸರಳವಾಗಿತ್ತು.

2004ರಲ್ಲಿ ನಟರಾದ ಯೂವನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್‌ನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದರು. ಟಿವಿ ಸರಣಿಗಾಗಿ ಮಾಡಿದ ಪ್ರಯಾಣ ಅದು. ಬಿಎಂಡಬ್ಲ್ಯುನ 1150 ಸಿಸಿ ದೊಡ್ಡ ಬೈಕುಗಳು, ಜೊತೆಗೆ ಸಹಾಯದ ವಾಹನಗಳು. ಮಂಗೋಲಿಯಾದ ದಾರಿಯಿಲ್ಲದ ಬಯಲಿನಲ್ಲಿ ಕ್ಯಾಮೆರಾಮನ್ ಓಡಿಸುತ್ತಿದ್ದ ಬೈಕಿನ ಚಾಸಿ ಮುರಿಯಿತು. ಅದನ್ನು ಬೇರೆ ವಾಹನದಲ್ಲಿ ಮುಂದಕ್ಕೆ ಸಾಗಿಸಿ, ಅಲ್ಲಿಯೇ ಸಿಕ್ಕ ರಷ್ಯಾದ 'ಇಜ್ ಪ್ಲಾನೆಟಾ' ಎಂಬ ಸಾಧಾರಣ ಬೈಕ್ ಕೊಂಡರು. ನಮ್ಮ ಯೆಜ್ಡಿಯ ಹಾಗೆ ಅದೂ ಒಂದು ಸಿಲಿಂಡರ್‌ನ ಟೂ ಸ್ಟ್ರೋಕ್. ಬಿಎಂಡಬ್ಲ್ಯು ಮುಂದೆ ಅದು ಏನೂ ಅಲ್ಲ. ಆದರೆ ಅಲ್ಲಿನ ಜನ ಬಳಸುತ್ತಿದ್ದ, ಅವರಿಗೆ ಗೊತ್ತಿದ್ದ ಗಾಡಿ.

ಬಿಎಂಡಬ್ಲ್ಯು ಕೆಟ್ಟ ಬೈಕು ಎಂದು ಇದರ ಅರ್ಥವಲ್ಲ. ಆ ಪ್ರಯಾಣವನ್ನು ಅದೇ ಬೈಕುಗಳು ಮುಗಿಸಿದವು. ನೀವು ಹೋಗುವ ಊರಿನ ಜನ ಯಾವ ಗಾಡಿ ಓಡಿಸುತ್ತಾರೆ ಎಂಬುದೂ ಬೈಕಿನ ಯೋಗ್ಯತೆಯ ಒಂದು ಭಾಗ ಎಂಬುದಷ್ಟೇ ಪಾಠ.

ಎತ್ತರದ ದಾರಿ, ಹೊಸ ಎಂಜಿನ್

ನಮ್ಮ ಹುಡುಗರ ಕನಸಿನ ದಾರಿ ಲಡಾಖ್. 1997ರಲ್ಲಿ ನಲವತ್ತು ಮಂದಿ ಸವಾರರು ಬುಲೆಟ್‌ಗಳಲ್ಲಿ ಖಾರ್ದುಂಗ್ ಲಾ ಏರಿದರು. ಹಿಮಾಲಯದ ಬೈಕ್ ಪ್ರಯಾಣ ಒಂದು ಹಬ್ಬದಂತೆ ಬೆಳೆದದ್ದು ಆಮೇಲೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಆ ದಾರಿಗಳ ಹೆಸರಿನಲ್ಲೇ 411 ಸಿಸಿಯ 'ಹಿಮಾಲಯನ್' ತಂದಿತು.

ಖಾರ್ದುಂಗ್ ಲಾ ಎತ್ತರ ಸುಮಾರು 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ತೀರದ ಅರ್ಧದಷ್ಟು. ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಗಾಳಿ ತೆಳುವಾದರೂ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಎಂಜಿನ್ ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತದೆ. ಹೊಸ ಫ್ಯೂಯಲ್ ಇಂಜೆಕ್ಷನ್ ಬೈಕುಗಳಲ್ಲಿ ಸೆನ್ಸರ್ ಗಾಳಿಯನ್ನು ಅಳೆದು ಪೆಟ್ರೋಲ್ ಹೊಂದಿಸುತ್ತದೆ. ಗಾಳಿ ತೆಳುವಾದ್ದರಿಂದ ಶಕ್ತಿ ಅದಕ್ಕೂ ಕಡಿಮೆಯಾಗುತ್ತದೆ, ಆದರೆ ಉಸಿರು ಕಟ್ಟುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳು ಹೆಚ್ಚು ಕಡಿಮೆ ಎಲ್ಲವೂ ಇಂಜೆಕ್ಷನ್‌ಗೆ ಬದಲಾದವು.

ಆದರೆ ಇದಕ್ಕೊಂದು ಬೆಲೆ ಇದೆ. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪಂಪ್ ನಡೆಯಲು ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಅದು ಸ್ಟಾರ್ಟ್ ಆಗುವುದು ಕಷ್ಟ. ಸೆನ್ಸರ್ ಹೋದರೆ ಯಾವುದು ಹೋಯಿತು ಎಂದು ತಿಳಿಯಲು ಸ್ಕ್ಯಾನರ್ ಬೇಕು. ಸೈಲೆನ್ಸರ್ ಸುಟ್ಟು ಸರಿಮಾಡುತ್ತಿದ್ದ ಮೇಸ್ತ್ರಿಯ ಕೈ ಇಲ್ಲಿ ಕಟ್ಟಿಹಾಕಿದ ಹಾಗೆ. ಹಾಗಾಗಿ ಹೊಸ ಕಾಲದ ನಂಬಿಕೆ ಮೂರನೆಯ ಬಗೆಯದು. ಅದು ಬೈಕಿನಲ್ಲಿ ಅರ್ಧ, ದಾರಿಯಲ್ಲಿ ಸರ್ವಿಸ್ ಸೆಂಟರ್ ಎಷ್ಟು ಹತ್ತಿರ ಇದೆ ಎಂಬುದರಲ್ಲಿ ಅರ್ಧ.

ಹಾಗಾದರೆ ಯಾವುದು ತಗೋಬೇಕು?

ನಾವು ಒಂದು ಹೆಸರು ಹೇಳುವುದಿಲ್ಲ. ಮೇಲಿನ ಕಥೆಗಳಿಂದ ಹುಟ್ಟುವ ಪ್ರಶ್ನೆಗಳನ್ನು ಕೊಡುತ್ತೇವೆ. ಶೋರೂಮಿಗೆ ಹೋಗುವ ಮೊದಲು ಇವನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಒಂದು, ಈ ಮಾಡೆಲ್ ಬಂದು ಎಷ್ಟು ದಿನವಾಯಿತು? ಹೊಸದಾಗಿ ಬಿಟ್ಟ ಬೈಕಿನ ಸಣ್ಣಪುಟ್ಟ ದೋಷ ಗೊತ್ತಾಗುವುದು ಜನ ಓಡಿಸಿದ ಮೇಲೆ. ಒಂದೆರಡು ವರ್ಷ ಕಾದರೆ ನಷ್ಟವಿಲ್ಲ.

ಎರಡು, ನಾನು ಹೋಗುವ ದಾರಿಯಲ್ಲಿ ಇದನ್ನು ಬಿಚ್ಚುವವರು ಯಾರು? ಸರ್ವಿಸ್ ಸೆಂಟರ್‌ಗಳನ್ನು ಮ್ಯಾಪಿನಲ್ಲಿ ಗುರುತು ಮಾಡಿ. ಕ್ಲಚ್ ಪ್ಲೇಟ್, ಬ್ರೇಕ್ ಶೂ, ಚೈನ್ ಸೆಟ್ ಪಕ್ಕದ ತಾಲ್ಲೂಕಿನಲ್ಲಿ ಸಿಗುತ್ತವೆಯೇ ಎಂದು ಅಂಗಡಿಗೆ ಹೋಗಿಯೇ ಕೇಳಿ.

ಮೂರು, ಒಂದು ಟ್ಯಾಂಕಿಗೆ ಎಷ್ಟು ದೂರ? ಮನಾಲಿಯಿಂದ ಲೇಹ್‌ಗೆ ಹೋಗುವಾಗ ತಾಂಡಿ ಎಂಬಲ್ಲಿನ ಪೆಟ್ರೋಲ್ ಬಂಕಿನ ಹತ್ತಿರ ಒಂದು ಪ್ರಸಿದ್ಧ ಫಲಕವಿದೆ. ಮುಂದಿನ ಬಂಕ್ 365 ಕಿಲೋಮೀಟರ್ ಎಂದು ಅದರಲ್ಲಿ ಬರೆದಿದೆ. ಲೀಟರಿಗೆ 30 ಕೊಡುವ ಬೈಕಿಗೆ ಅಷ್ಟು ದೂರಕ್ಕೆ 12 ಲೀಟರಿಗೂ ಹೆಚ್ಚು ಬೇಕು. ಏರಿನಲ್ಲಿ ಇನ್ನೂ ಜಾಸ್ತಿ. ಈ ಗುಣಾಕಾರ ಹೊರಡುವ ಮುಂಚೆಯೇ ಆಗಿರಲಿ.

ನಾಲ್ಕು, ಚಕ್ರ ಯಾವುದು? ಕಡ್ಡಿ ಚಕ್ರ ಗುಂಡಿಗೆ ಬಿದ್ದರೆ ಬಾಗುತ್ತದೆ, ಬಾಗಿದ್ದನ್ನು ನೇರ ಮಾಡಬಹುದು. ಅಲಾಯ್ ಚಕ್ರ ಬಿರುಕು ಬಿಟ್ಟರೆ ಬದಲಿಸುವುದೇ ಕ್ಷೇಮ. ಆದರೆ ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ರಸ್ತೆಬದಿಯಲ್ಲೇ ಹತ್ತು ನಿಮಿಷದಲ್ಲಿ ಮುಚ್ಚುತ್ತದೆ. ಕಚ್ಚಾ ರಸ್ತೆಯೋ ಹೆದ್ದಾರಿಯೋ ನೋಡಿ ನಿರ್ಧರಿಸಿ.

ಐದು, ಬ್ರೇಕಿನಲ್ಲಿ ಉಳಿತಾಯ ಮಾಡಬೇಡಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಒದ್ದೆ ರಸ್ತೆಯಲ್ಲಿ ಚಕ್ರ ಜಾಮ್ ಆಗಿ ಜಾರುವುದನ್ನು ಅದು ತಡೆಯುತ್ತದೆ. ಹಳೆಯ ಬೈಕಿನ ಮೇಲೆ ಎಷ್ಟೇ ಅಭಿಮಾನವಿದ್ದರೂ ಈ ವಿಷಯದಲ್ಲಿ ಹೊಸದೇ ಮೇಲು.

ಆರು, ನನಗೆ ಏನು ಬರುತ್ತದೆ? ಪ್ಲಗ್ ಬದಲಿಸುವುದು, ಚೈನ್ ಬಿಗಿ ಮಾಡುವುದು, ಕ್ಲಚ್ ಕೇಬಲ್ ಹಾಕುವುದು, ಫ್ಯೂಸ್ ನೋಡುವುದು. ಈ ನಾಲ್ಕು ಕಲಿತವನಿಗೆ ಯಾವ ಬೈಕೂ ಸ್ವಲ್ಪ ಹೆಚ್ಚು ನಂಬಿಕೆಯದಾಗುತ್ತದೆ.

ಇಷ್ಟೆಲ್ಲ ಕೇಳಿಕೊಂಡ ಮೇಲೆ ಎಷ್ಟೋ ಜನರಿಗೆ ಉತ್ತರ ಮನೆಯ ಅಂಗಳದಲ್ಲೇ ನಿಂತಿರುವುದು ಕಾಣಬಹುದು. ಅಪ್ಪನ 100 ಸಿಸಿ ಗಾಡಿಗೆ ಹೊಸ ಟೈರು, ಹೊಸ ಚೈನ್ ಸೆಟ್, ಒಳ್ಳೆಯ ಬ್ರೇಕ್ ಶೂ ಹಾಕಿ, ಎಂಜಿನ್ ಆಯಿಲ್ ಬದಲಿಸಿ, ಅದರ ವೇಗದಲ್ಲೇ ಹೋದರೆ ಗೋಕರ್ಣ, ಹಂಪಿ, ಕನ್ಯಾಕುಮಾರಿ ಯಾವುದೂ ದೂರವಲ್ಲ. ದಿನಕ್ಕೆ ನೂರು ಕಿಲೋಮೀಟರ್ ಕಡಿಮೆ ಆಗಬಹುದು. ಆದರೆ ಪ್ರಯಾಣ ಮುಗಿದ ಮೇಲೂ ಮೂರು ವರ್ಷ ಕಂತು ಕಟ್ಟುವ ಕೆಲಸ ಇರುವುದಿಲ್ಲ.

ದೊಡ್ಡ ಬೈಕೇ ಬೇಕು, ಕೈಯಲ್ಲಿ ಹಣವೂ ಇದೆ ಎಂದರೆ ಧಾರಾಳವಾಗಿ ತಗೊಳ್ಳಿ. ತಗೊಳ್ಳುವ ಮುಂಚೆ ನಿಮ್ಮೂರಿನ ಗ್ಯಾರೇಜಿನವರನ್ನು ಒಂದು ಮಾತು ಕೇಳಿ: ಇದು ಕೆಟ್ಟರೆ ನಿಮ್ಮ ಕೈಲಿ ಎಷ್ಟು ಆಗುತ್ತೆ, ಎಷ್ಟು ಆಗಲ್ಲ? ಬುಲೆಟ್, ಜಾವಾಗಳನ್ನು ಇಷ್ಟು ಕಾಲ ರಸ್ತೆಯ ಮೇಲೆ ಉಳಿಸಿದವರು ಇವರೇ. ಯಾವ ಕಂಪನಿಯ ಚರಿತ್ರೆಯಲ್ಲೂ ಇವರ ಹೆಸರಿಲ್ಲ. ಆದರೆ ಯಾವ ಗಾಡಿಯನ್ನು ನಂಬಬಹುದು ಎಂಬುದು ಇವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ.